ಕನ್ನಡಿಯ ಮೇಲಿನ ಹೆಬ್ಬೆರಳು

ಹರಿಕೃಷ್ಣ ಸತ್ತ ಮೇಲೆ ಅವನ ಟೆಲಿಸ್ಕೋಪನ್ನು ಕೇಳುವ ಧೈರ್ಯ ಬರಲು ನನಗೆ ಹತ್ತು ತಿಂಗಳು ಹಿಡಿಯಿತು. ಕೇಳುವುದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಂಚೆಟ್ಟಿಯಲ್ಲಿ ಇಳಿದು ಅವನ ಊರಿಗೆ ಮೂರು ಮೈಲಿ ನಡೆಯುವಾಗಲೂ ಯೋಚಿಸಿದೆ. ಕೊನೆಗೆ ಅವನ ಹೆಂಡತಿ ಕಲ್ಪನಾ ಕಾಫಿ ಲೋಟ ಕೈಗೆ ಕೊಟ್ಟಾಗ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅವ್ನು ಒಂದು ಫೋಟೋ ಅರ್ಧಕ್ಕೆ ಬಿಟ್ಟವ್ನೆ ಕಲ್ಪನಾ. ಅದನ್ನ ಮುಗಿಸಿ ವರ್ಷದ ತಿಥಿಗೆ ತಂದ್ಕೊಡ್ತೀನಿ. ಟೆಲಿಸ್ಕೋಪಿನ ಕನ್ನಡಿ ಬೇಕಾಗಿತ್ತು."

ಅದು ಒಂದು ಗ್ಯಾಲಕ್ಸಿಯ ಫೋಟೋ. ಬರಿಗಣ್ಣಿಗೆ ಕಾಣುವುದೇ ಅನುಮಾನ. ಟೆಲಿಸ್ಕೋಪಿನಲ್ಲಿ ನೋಡಿದರೂ ಯಾರೋ ಬೂದಿ ಊದಿದ ಹಾಗಿರುತ್ತದೆ, ಅಷ್ಟೆ. ಅಂಥದ್ದನ್ನು ಚಿತ್ರವಾಗಿ ಹಿಡಿಯಬೇಕಾದರೆ ಮೂರು ಮೂರು ನಿಮಿಷದ ನೂರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಹರಿಕೃಷ್ಣ ನೂರ ನಲವತ್ತು ತೆಗೆದಿದ್ದ. "ಇನ್ನೂ ಅರವತ್ತು" ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಆ ಡಿಸೆಂಬರಿನಲ್ಲಿ ಡೆಂಗಿ ಜ್ವರ ಬಂತು. ಆರು ದಿನ, ಅಷ್ಟೇ.

ಎಂಟು ಇಂಚಿನ ಆ ಕನ್ನಡಿಯನ್ನು ಅವನೇ ಉಜ್ಜಿ ಮಾಡಿದ್ದು. ದನದ ಕೊಟ್ಟಿಗೆಯಲ್ಲಿ ಒಂದು ಡ್ರಮ್ ನಿಲ್ಲಿಸಿ, ಅದರ ಮೇಲೆ ಒಂದು ಗಾಜಿಟ್ಟು, ನಡುವೆ ಗಾಜು ಸವೆಸುವ ಪುಡಿ ಹಾಕಿ, ಇನ್ನೊಂದು ಗಾಜಿನಿಂದ ಉಜ್ಜುತ್ತಾ ಡ್ರಮ್ಮಿನ ಸುತ್ತ ನಡೆಯುತ್ತಿದ್ದ. ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ಮೇಲೆ, ದಿನಕ್ಕೆ ಒಂದು ಗಂಟೆ, ಹನ್ನೊಂದು ತಿಂಗಳು. ಆಮೇಲೆ ಬೆಂಗಳೂರಿಗೆ ಒಯ್ದು ಅಲ್ಯೂಮಿನಿಯಂ ಲೇಪ ಹಾಕಿಸಿದ. ಪ್ರತಿ ಸಲ ಫೋಟೋ ತೆಗೆದಾದ ಮೇಲೆ ಕನ್ನಡಿಯನ್ನು ಟೆಲಿಸ್ಕೋಪಿನಿಂದ ಬಿಚ್ಚಿ, ಮರದ ಪೆಟ್ಟಿಗೆಯಲ್ಲಿಟ್ಟು, ಬೀರುವಿನಲ್ಲಿ ಕಲ್ಪನಾಳ ಸೀರೆಗಳ ನಡುವೆ ಇಡುತ್ತಿದ್ದ.

ಕಲ್ಪನಾ ಎದ್ದು ಹೋಗಿ ಪೆಟ್ಟಿಗೆ ತಂದಳು. ನನ್ನ ಕೈಗೆ ಕೊಡುವ ಮೊದಲು ಎದೆಗೆ ಒತ್ತಿಕೊಂಡೇ ನಿಂತಿದ್ದಳು.

"ಜೋಪಾನ ಅಣ್ಣ," ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಅತ್ತೆ ಅಂಜಿನಮ್ಮ ನಿಂತಿದ್ದರು. ಹೇಳಲಿಲ್ಲ.

ನಾನಿರುವುದು ಹೊಸೂರಿನ ಪಕ್ಕ, ಹೆದ್ದಾರಿ ಬದಿಯ ಜೂಜುವಾಡಿಯಲ್ಲಿ. ರಾತ್ರಿಯಿಡೀ ಲಾರಿಗಳ ಬೆಳಕು. ಅಲ್ಲಿಂದ ನಕ್ಷತ್ರ ಎಣಿಸಲು ಎರಡು ಕೈಯ ಬೆರಳು ಸಾಕು. ಹಾಗಾಗಿ ನವೆಂಬರಿನ ಒಂದು ಶನಿವಾರ, ಪರಿಚಯದವರ ಓಮ್ನಿಯಲ್ಲಿ ಎಲ್ಲವನ್ನೂ ಹಾಕಿಕೊಂಡು, ನಾವಿಬ್ಬರೂ ಮೊದಲು ಹೋಗುತ್ತಿದ್ದ ಅಂಚೆಟ್ಟಿ ದಾರಿಯ ಬಂಡೆಗೆ ಹೋದೆ. ಒಬ್ಬನೇ ಹೋದದ್ದು ಅದೇ ಮೊದಲು. ಪ್ರತಿಯೊಂದು ತಿರುಪನ್ನೂ ಎರಡೆರಡು ಸಲ ನೋಡಿದೆ. ಹತ್ತೂವರೆಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಇಬ್ಬನಿ ಬಂತು. ಮೋಡವಿಲ್ಲದ ಚಳಿಯ ರಾತ್ರಿಯಲ್ಲಿ ಗಾಜು ಗಾಳಿಗಿಂತ ಬೇಗ ತಣ್ಣಗಾಗುತ್ತದೆ, ಗಾಳಿಯ ತೇವವೆಲ್ಲ ಅದರ ಮೇಲೆ ಕೂರುತ್ತದೆ. ಅದಕ್ಕೆಂದೇ ಹರಿಕೃಷ್ಣ ಕನ್ನಡಿಯ ಹಿಂದೆ ಕರೆಂಟು ಹರಿದರೆ ಬಿಸಿಯಾಗುವ ಸಣ್ಣ ರೆಸಿಸ್ಟರ್‌ಗಳ ಒಂದು ಬಳೆ ಮಾಡಿ, ಬೈಕಿನ ಬ್ಯಾಟರಿಯಿಂದ ಅದನ್ನು ಬೆಚ್ಚಗಿಡುತ್ತಿದ್ದ. ಕೊಳವೆಯ ಬಾಯಿಗೆ ಯೋಗ ಮಾಡುವ ಚಾಪೆಯನ್ನು ಸುರುಳಿ ಸುತ್ತಿ ಕಟ್ಟುತ್ತಿದ್ದ. ಅಷ್ಟಾದರೂ ಇಬ್ಬನಿ ಕೂತರೆ, ಹೇರ್ ಡ್ರೈಯರ್ ಹಿಡಿದು ದೂರದಿಂದ ಬಿಸಿಗಾಳಿ ಕೊಡಬೇಕು, ಕಾಯಬೇಕು. ಒರೆಸುವಂತಿಲ್ಲ. ಒರೆಸಿದರೆ ಧೂಳಿನ ಕಣವೇ ಲೇಪವನ್ನು ಗೀರುತ್ತದೆ.

ಆ ರಾತ್ರಿ ಬಳೆಯ ತಂತಿ ಕಿತ್ತುಹೋಗಿತ್ತು. ನಾನು ನೋಡಿರಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ನಕ್ಷತ್ರಗಳು ನೆನೆದ ಹತ್ತಿಯಂತೆ ಊದಿಕೊಂಡ ಮೇಲೆಯೇ ಗೊತ್ತಾದದ್ದು. ಕೆಂಪು ಟಾರ್ಚ್ ಹಿಡಿದು ಕೊಳವೆಯೊಳಗೆ ಬಗ್ಗಿ ನೋಡಿದೆ. ಕನ್ನಡಿಯೆಲ್ಲ ಮಂಜಾಗಿತ್ತು. ಅಂಚಿನ ಹತ್ತಿರ ಮಾತ್ರ ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯಾಗಿ, ಅಚ್ಚೊತ್ತಿದಂತೆ ಕಾಣುತ್ತಿತ್ತು. ಅದರ ಮೇಲೆ ಓರೆಯಾಗಿ ಒಂದು ಗೀಟು.

ಕನ್ನಡಿ ಕೂರಿಸುವಾಗ ಗ್ಲೌಸ್ ಹಾಕಿದ್ದೆ. ಆದರೆ ಕೊನೆಯ ತಿರುಪು ಕೈಗೆ ಸಿಗದೆ ಒಮ್ಮೆ ಬಿಚ್ಚಿದ್ದೆ. ಆಗಲೇ ತಾಗಿರಬೇಕು. ಉಗುರೂ ತಾಗಿ ಗೀಚಿರಬೇಕು. ಹರಿಕೃಷ್ಣನದಂತೂ ಆಗಿರಲು ಸಾಧ್ಯವೇ ಇರಲಿಲ್ಲ. ನಾವಿಬ್ಬರೂ ಒಂದೇ ವಿಭಾಗದಲ್ಲಿ ಬೇರಿಂಗ್ ಬಳೆಗಳನ್ನು ಪರೀಕ್ಷೆ ಮಾಡುವವರು. ಅಲ್ಲಿ ಬರಿಗೈಯಲ್ಲಿ ಮುಟ್ಟಿದ ಉಕ್ಕು ಮಾರನೆಯ ದಿನ ಬೆರಳಿನ ಆಕಾರದಲ್ಲೇ ತುಕ್ಕು ಹಿಡಿದಿರುತ್ತದೆ. ಕೆಂಪು ಚೀಟಿ ಕಟ್ಟಿ ಹೊರಗಿಡುತ್ತೇವೆ. ಆ ಅಭ್ಯಾಸ ಅವನಿಗೆ ಮನೆಯಲ್ಲೂ ಇತ್ತು. ಕನ್ನಡಿಯ ಹತ್ತಿರ ನಾನು ಬಗ್ಗಿದರೆ ಸಾಕು, "ಲೇ ಮುನಿರಾಜ, ಕೈ ಜೇಬಲ್ಲಿಟ್ಕೊಂಡು ಮಾತಾಡ್ಲಾ. ನಿನ್ ಬೆರಳಿಗೆ ನನ್ ಹನ್ನೊಂದು ತಿಂಗ್ಳು ಕೊಡಕ್ಕಾಗಕಿಲ್ಲ ಕಣ್ಲಾ" ಎನ್ನುತ್ತಿದ್ದ.

ನನ್ನ ಹೆಬ್ಬೆರಳನ್ನು ಆ ಗುರುತಿನ ಪಕ್ಕದಲ್ಲಿ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ನನ್ನದೇ ಎಂದು ಖಚಿತವಾಗುವುದು ನನಗೆ ಬೇಡವಾಗಿತ್ತು.

ಬೆವರಿನ ಉಪ್ಪು ದಿನ ಕಳೆದಂತೆ ಲೇಪವನ್ನು ತಿನ್ನುತ್ತದೆ. ಹಾಗೇ ಬಿಟ್ಟು ವಾಪಸು ಕೊಟ್ಟರೆ, ಸತ್ತವನ ವಸ್ತುವನ್ನು ಕೆಡಿಸಿ ಕೊಟ್ಟ ಹಾಗೆ. ಭಾನುವಾರ ಪೂರ್ತಿ ಕನ್ನಡಿ ತೊಳೆಯುವುದು ಹೇಗೆ ಎಂಬ ವಿಡಿಯೋಗಳನ್ನು ನೋಡಿದೆ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ಸೋಮವಾರ ರಜೆ ಹಾಕಿ, ಬಾಗಿಲು ಹಾಕಿಕೊಂಡು, ಟಬ್ಬಿನ ತಳದಲ್ಲಿ ಟವೆಲ್ ಹಾಸಿ, ಒಂದು ತೊಟ್ಟು ಸೋಪು ಬೆರೆಸಿದ ನೀರಿನಲ್ಲಿ ಹತ್ತಿಯನ್ನು ಅದರ ಭಾರಕ್ಕಷ್ಟೇ ಜಾರಿಸುತ್ತಾ ಮೂರು ಸಲ ತೊಳೆದೆ. ಓರೆಯಾಗಿ ನಿಲ್ಲಿಸಿ ಒಣಗಿಸಿದೆ. ಆಮೇಲೆ ಅದರ ಮೇಲೆ ಉಸಿರು ಬಿಟ್ಟು ನೋಡಿದೆ. ಎಲ್ಲ ಕಡೆ ಒಂದೇ ಸಮನಾದ ಮಬ್ಬು. ಗುರುತಿಲ್ಲ, ಓರೆ ಗೀಟೂ ಇಲ್ಲ. ತೊಳೆದರೆ ಹೋಗುವುದು ಗೀರಲ್ಲ, ಹಾಗಾದರೆ ಅದೇನು ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ಅಷ್ಟು ನೆಮ್ಮದಿ ನನಗೆ ಆ ವರ್ಷದಲ್ಲಿ ಆಗಿರಲಿಲ್ಲ.

ಮುಂದಿನ ಶನಿವಾರ ಬಳೆಗೆ ಹೊಸ ತಂತಿ ಬೆಸೆದುಕೊಂಡು ಹೋದೆ. ಸುತ್ತಲಿನ ಹುಲ್ಲು, ನನ್ನ ಟೋಪಿ, ಕ್ಯಾಮೆರಾದ ಬ್ಯಾಗು ಎಲ್ಲ ತೊಯ್ದವು. ಕನ್ನಡಿ ಮಾತ್ರ ಒಣಗಿಯೇ ಇತ್ತು. ಅರವತ್ತು ಫೋಟೋ ಸಿಕ್ಕವು. ಅವನ ನೂರ ನಲವತ್ತರ ಜೊತೆ ಸೇರಿಸಿ ಎರಡು ವಾರ ಕೂತೆ. ಮೊದಲು ಸುರುಳಿಯ ತೋಳುಗಳು ಎದ್ದವು, ಆಮೇಲೆ ಅವುಗಳ ಮೇಲೆ ಗುಲಾಬಿ ಚುಕ್ಕಿಗಳು. ಹೊಸೂರಿನಲ್ಲಿ ಪ್ರಿಂಟ್ ಹಾಕಿಸಿದೆ. ಫ್ರೇಮ್ ಕಟ್ಟುವವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎನ್ನ ಸಾರ್ ಇದು, ಸ್ಕ್ಯಾನ್ ರಿಪೋರ್ಟಾ? ಯಾರುಕ್ಕು ಒಡಂಬು ಸರಿಯಿಲ್ಲೆ?" ಎಂದು ತಮಿಳಿನಲ್ಲಿ ಕೇಳಿದ. ಯಾರಿಗೂ ಕಾಯಿಲೆಯಿಲ್ಲ ಎಂದೆ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಫೋಟೋ ಮತ್ತು ಪೆಟ್ಟಿಗೆ ಹಿಡಿದು ಅವರ ಮನೆಗೆ ಹೋದೆ. ಕಲ್ಪನಾ ಎಲೆ, ಹೂವು ತರಲು ಅಂಚೆಟ್ಟಿಗೆ ಹೋಗಿದ್ದಳು. ಅಂಜಿನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಫೋಟೋವನ್ನು ಗೋಡೆಗೆ ಒರಗಿಸಿ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಚೆಂದಾಗೈತೆ. ರಾಗಿಹಿಟ್ಟು ಚೆಲ್ದಂಗೈತೆ. ಇದ್ರಲ್ಲಿ ನನ್ ಮಗ ತೆಗ್ದಿದ್ಯಾವ್ದು, ನೀನ್ ತೆಗ್ದಿದ್ಯಾವ್ದು?"

"ಬೇರೆ ಮಾಡಕ್ಕಾಗಲ್ಲಮ್ಮ. ಎಲ್ಲಾ ಸೇರೋಗೈತೆ."

"ಹಂಗಾ," ಎಂದರು. ಒಂದು ಕಾಯಿ ಸುಲಿದರು. ಆಮೇಲೆ ಪೆಟ್ಟಿಗೆಯ ಕಡೆ ಗಲ್ಲ ತೋರಿಸಿ, "ಅದನ್ನ ತಂದ್ಯಲ್ಲ, ಅಷ್ಟು ಸಾಕು ಕಣಪ್ಪ. ಆ ಗಾಜು ಮನೇಲಿಲ್ದೆ ಅವ್ಳು ಸರ್ಯಾಗಿ ನಿದ್ದೇನೇ ಮಾಡ್ನಿಲ್ಲ," ಎಂದರು.

"ಗಾಜಾ? ಯಾಕಮ್ಮ?"

"ನಿಂಗೇಳ್ನಿಲ್ವಾ? ನಾಚ್ಕೆ ಮುಂಡೇದುಕ್ಕೆ. ದೀಪ ಹಚ್ಚೋ ಹೊತ್ಗೆ ಬೀರು ತೆಗೀತಾಳೆ, ಆ ಗಾಜಿನ್ ಮ್ಯಾಲೆ ಹಾ ಅಂತ ಉಸ್ರು ಬಿಡ್ತಾಳೆ. ನಾನೂ ಇವಳ್ಗೆ ತಲೆ ಕೆಟ್ಟೋಯ್ತು ಅಂದ್ಕಂಡೆ. ಒಂದಿನ ನನ್ನೂ ಕರ್ದು ತೋರ್ಸಿದ್ಲು. ನನ್ ಮಗನ್ ಹೆಬ್ಬೆಟ್ಟು ಕಣಪ್ಪ ಅದ್ರಾಗೆ! ಚಿಕ್ಕೋನಿದ್ದಾಗ ರಾಗಿ ಕೊಯ್ಯೋವಾಗ ಕುಡ್ಲು ತಾಕಿತ್ತಲ್ಲ, ಆ ಗಾಯದ್ ಗೀಟು ಸಮೇತ ಐತೆ. ಒಂದ್ ಗಳಿಗೆ ಇರ್ತದೆ, ಆಮ್ಯಾಕೆ ಹೋಗ್ಬುಡ್ತದೆ. ತಿರ್ಗಾ ಉಸ್ರು ಬಿಟ್ರೆ ತಿರ್ಗಾ ಬತ್ತದೆ."

ಅವರು ಮೊರ ಎತ್ತಿಕೊಂಡು, "ಕೂತ್ಕ, ನೀರ್ ತತ್ತೀನಿ," ಎಂದು ಒಳಗೆ ಹೋದರು.

ಅವನ ಹೆಬ್ಬೆರಳಿನ ಗಾಯ ನನಗೆ ಗೊತ್ತಿತ್ತು. ಆರು ವರ್ಷ ಎದುರುಬದುರು ಕೂತು ಕೆಲಸ ಮಾಡಿದವನು. ಮೊದಮೊದಲು ಫ್ಯಾಕ್ಟರಿಯವರೇ ನಡೆಸುತ್ತಿದ್ದ ಸಂಜೆ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಆ ಗಾಯದ ಬೆರಳಲ್ಲಿ ಅವನು ಪೆನ್ನು ಹಿಡಿಯುವ ರೀತಿ ನೋಡಿ ನಕ್ಕವನು. ಕೆಂಪು ಬೆಳಕಿನಲ್ಲಿ ಆ ಗೀಟನ್ನು ನೋಡಿಯೂ ನನಗೆ ಹೊಳೆದದ್ದು ನನ್ನ ತಪ್ಪು ಮಾತ್ರ.

ಪೆಟ್ಟಿಗೆ ತೆರೆದೆ. ಕನ್ನಡಿಯಲ್ಲಿ ಜಗಲಿಯ ತೊಲೆ ಕಂಡಿತು, ನನ್ನ ಮುಖ ಕಂಡಿತು. ಅಂಚಿನ ಆ ಜಾಗ ನನಗೆ ಸರಿಯಾಗಿ ನೆನಪಿತ್ತು. ನನ್ನ ಹೆಬ್ಬೆರಳನ್ನು ಒತ್ತಿದರೆ ಮುಗಿಯಿತು. ಓರೆಯಾಗಿ ಒಂದು ಗೀಟು ಎಳೆಯಲು ಹತ್ತಿಯ ಎಳೆ ಸಾಕು. ಎರಡು ನಿಮಿಷದ ಕೆಲಸ. ಅವಳು ಸಂಜೆ ಉಸಿರು ಬಿಡುತ್ತಾಳೆ, ಒಂದು ಗಳಿಗೆ ನೋಡುತ್ತಾಳೆ, ಮಲಗುತ್ತಾಳೆ. ಯಾರಿಗೆ ನಷ್ಟ? ಬೆರಳನ್ನು ಗಾಜಿನ ಮೇಲೆ ಒಂದು ಅಕ್ಕಿಕಾಳಿನಷ್ಟು ಎತ್ತರದವರೆಗೆ ತಂದೆ. ಬೆರಳಿನ ಬೆವರಿನ ತೇವಕ್ಕೆ ಗಾಜು ಅಲ್ಲಿ ಚೂರು ಮಬ್ಬಾಯಿತು.

ಒತ್ತಲಿಲ್ಲ. ಅದು ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲಾರೆ. ಸಿಕ್ಕಿಬೀಳುವ ಭಯವೇ ಇರಬಹುದು. ಅಥವಾ, ಅವಳು ದಿನಾ ಸಂಜೆ ನನ್ನ ಬೆರಳಿನ ಮೇಲೆ ಉಸಿರು ಬಿಡುವುದನ್ನು ನೆನೆದು ನಡುಗಿದೆನೋ. ಪೆಟ್ಟಿಗೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತೆ.

ಅಷ್ಟರಲ್ಲೇ ಕಲ್ಪನಾ ಬಂದಳು, ನಾಲ್ಕು ಗಂಟೆಗೆ. ಬಾಳೆಲೆಯ ಕಟ್ಟನ್ನು ಕೆಳಗಿಟ್ಟು, "ಬಂದ್ರಾ ಅಣ್ಣ, ಊಟ ಆಯ್ತಾ?" ಎಂದಳು. ಗೋಡೆಗೆ ಒರಗಿದ್ದ ಫೋಟೋ ಮುಂದೆ ನಿಂತಳು. ಕಣ್ಣು ಒರೆಸಿಕೊಂಡಳು. ಆದರೆ ಅವಳ ಕಣ್ಣು ಮತ್ತೆ ಮತ್ತೆ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಗೇ ಬರುತ್ತಿತ್ತು.

"ಕಲ್ಪನಾ, ನಾನು ಒಂದು ತಪ್ಪು ಮಾಡ್ಬುಟ್ಟಿದೀನಿ," ಎಂದೆ. "ಕನ್ನಡಿ ಮೇಲೆ ಬೆರಳಿನ ಗುರುತಿತ್ತು. ನಂದೇ ಅಂದ್ಕೊಂಡೆ. ತೊಳೆದ್ಬುಟ್ಟೆ."

ಒಳಗಿಂದ ಬರುತ್ತಿದ್ದ ಅಂಜಿನಮ್ಮ ನೀರಿನ ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತರು.

ಕಲ್ಪನಾ ಬಂದು ಪೆಟ್ಟಿಗೆ ತೆಗೆದುಕೊಂಡಳು. ಜಗಲಿಯ ತುದಿಯಲ್ಲಿ ಕೂತು ಕನ್ನಡಿಯನ್ನು ಮಡಿಲಿಗಿಟ್ಟುಕೊಂಡು ಉಸಿರು ಬಿಟ್ಟಳು. ಮಬ್ಬು ಹರಡಿತು, ಅಂಚಿನಿಂದ ನಡುವಿನ ಕಡೆಗೆ ಮಾಯವಾಯಿತು. ಇನ್ನೊಮ್ಮೆ ಬಿಟ್ಟಳು. ತಿರುಗಿಸಿ, ಬೇರೆ ಕಡೆ ಬಿಟ್ಟಳು. ಐದಾರು ಸಲ. ಆಮೇಲೆ ಉಸಿರು ಸಾಲದೆ ಕೆಮ್ಮಿದಳು.

"ಫೋಟೋ ಏನಾರ ತೆಗ್ದಿದ್ರಾ ಅಣ್ಣ, ತೊಳೆಯಕ್ ಮುಂಚೆ?"

"ಇಲ್ಲ."

ಆಕಾಶದ್ದು ಇನ್ನೂರು ಫೋಟೋ ಇತ್ತು. ಅದರದ್ದು ಒಂದೂ ಇರಲಿಲ್ಲ.

"ಅವತ್ತು ಬಂಡೆಯಿಂದ ಬಂದಾಗ್ಲೇ ಮೈ ಸುಡ್ತಿತ್ತು," ಎಂದಳು, ನನಗಲ್ಲ, ಕನ್ನಡಿಗೆ ಹೇಳುವ ಹಾಗೆ. "ಕೈ ನಡುಗ್ತಿತ್ತು. ಬಿಚ್ಚಿ ಪೆಟ್ಟಿಗೇಲಿ ಇಡೋವಾಗ ಹೆಬ್ಬೆಟ್ಟು ಒತ್ಬುಟ್ರು. 'ಅಯ್ಯೋ, ಮುಟ್ಬುಟ್ನಲ್ಲೇ, ನಿನ್ ಸೀರೆ ಅಡ್ಡ ಬಂದು' ಅಂತ ನನ್ನೇ ಬೈದ್ರು. ಜ್ವರ ಬಿಟ್ಮೇಲೆ ತೊಳೀತೀನಿ ಅಂದ್ರು."

ಅಂಜಿನಮ್ಮ ಚೊಂಬನ್ನು ಅಲ್ಲೇ ಇಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

"ಒಂದೇ ಸಲಕ್ಕೆ ಹೋಯ್ತಾ ಅಣ್ಣ?"

ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ, ಯಾವುದು ಅವಳಿಗೆ ಕಡಿಮೆ ನೋವೋ ನನಗೆ ತಿಳಿಯಲಿಲ್ಲ. ನಡೆದದ್ದನ್ನೇ ಹೇಳಿದೆ. "ಇಲ್ಲ. ಮೂರು ಸಲ ತೊಳೀಬೇಕಾಯ್ತು."

"ಮೂರು ಸಲ," ಎಂದಳು. ತುಟಿ ನಗುವ ಹಾಗೆ ಆಯಿತು, ನಗಲಿಲ್ಲ. ಸೆರಗಿನ ತುದಿಯಿಂದ ಕನ್ನಡಿಯನ್ನು ಒರೆಸತೊಡಗಿದಳು. ಜೋರಾಗಿ, ಪಾತ್ರೆ ಒರೆಸುವ ಹಾಗೆ. ಒರೆಸಬಾರದು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ ನನ್ನ ಕಡೆ ಸರಿಸಿದಳು.

"ತಗೊಂಡೋಗಿ ಅಣ್ಣ. ಮನೇಲಿದ್ರೆ ದಿನಾ ನೋಡ್ತೀನಿ, ಬಂದೀತೇನೋ ಅಂತ."

ಎದ್ದು ಬಾಳೆಲೆಯ ಕಟ್ಟನ್ನು ಬಿಚ್ಚಿ, ಹರಿದ ಎಲೆಗಳನ್ನು ಬೇರೆ ಮಾಡುತ್ತಾ ನನ್ನ ಕಡೆಗೆ ಬೆನ್ನು ಹಾಕಿ ಕೂತಳು. ಐದೂವರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಪೆಟ್ಟಿಗೆ ಎತ್ತಿಕೊಂಡು ನಡೆದೆ.