ನನ್ನ ಮೈಮೇಲಿನ ಕೆಂಪು ಗೆರೆ

ನಾನು ಒಂದು ನಕ್ಷೆ. ಮಡಚಿದರೆ ಅಂಗಿಯ ಜೇಬಿನಲ್ಲಿ ಹಿಡಿಯುತ್ತೇನೆ. ಬಿಚ್ಚಿದರೆ ಊಟದ ಮೇಜು ಪೂರ್ತಿ ನನಗೇ ಬೇಕು. ನಾನು ಹುಟ್ಟಿದ್ದು ಸ್ಪೇನ್ ದೇಶದಲ್ಲಿ, ಮೆಡಿಟರೇನಿಯನ್ ಸಮುದ್ರದ ಕಡೆಯ ಒಂದು ಅಚ್ಚುಕೂಟದಲ್ಲಿ. ಕಾಡಿಗೆ ಹಸಿರು, ನೀರಿಗೆ ನೀಲಿ, ಏರಿಳಿತಕ್ಕೆ ಕಂದು, ರಸ್ತೆಗೂ ಹೆಸರಿಗೂ ಕಪ್ಪು ಹಚ್ಚಿ ನನ್ನನ್ನು ಹೊರಗೆ ಕಳಿಸಿದರು. ಕೆಂಪು ನನಗೆ ಹುಟ್ಟಿನಿಂದ ಬಂದದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯುವವರು ಬೈಯಲಿ.

ನನ್ನನ್ನು ಮೊದಲು ಕೊಂಡವನು ನರ್ಸಿಸ್ ಎಂಬ ಮುದುಕ. ಅವನಿಗೆ ಅಣಬೆಯ ಹುಚ್ಚು. ಆ ಸೀಮೆಯಲ್ಲಿ ಅಣಬೆ ಏಳುವ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ತನ್ನ ಭಾಮೈದ ಆ ಜಾಗದ ಗುರುತು ಹುಡುಕಿ ಕದ್ದು ಕದ್ದು ನನ್ನನ್ನು ನೋಡುತ್ತಾನೆಂದು ಗೊತ್ತಾದ ದಿನ, ನರ್ಸಿಸ್ ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಬಂದ. ಕಾಡಿನ ಈಚೆಯ ರಸ್ತೆಯಿಂದ ಆಚೆಯ ರಸ್ತೆಗೆ, ನಡುವೆ ಏನೂ ಇಲ್ಲದ ಕಡೆ, ಒಂದು ಚೆಂದದ ಗೆರೆ ಎಳೆದ. ಭಾಮೈದ ಅದನ್ನು ನಂಬಿ ಹೋಗಿ, ಮುಳ್ಳಿನಲ್ಲಿ ಪ್ಯಾಂಟು ಹರಿದುಕೊಂಡು ಬರಿಗೈಯಲ್ಲಿ ಬಂದ. ನರ್ಸಿಸ್ ವಾರಗಟ್ಟಲೆ ನಕ್ಕ. ನಾನೂ ನಕ್ಕೆ. ಸುಳ್ಳು ಹೊತ್ತವನಿಗೂ ಆ ಕಾಲಕ್ಕೆ ಅದು ತಮಾಷೆಯೇ.

ಮುದುಕ ಸತ್ತ ಮೇಲೆ ಅವನ ಹಳೇ ಸಾಮಾನಿನ ಜೊತೆ ನಾನೂ ಭಾನುವಾರದ ಸಂತೆಗೆ ಬಂದೆ. ಅಲ್ಲಿ ನನ್ನನ್ನು ಎತ್ತಿಕೊಂಡವಳು ದಾನಮ್ಮ. ಅವಳ ಗಂಡ ಗುರುಪಾದ ಆ ಊರಿನ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್. ಇಬ್ಬರೂ ವಿಜಯಪುರದ ಕಡೆಯವರು, ಒಂದು ಕಾಲಕ್ಕೆ ಅಲ್ಲಿನ ರಸ್ತೆಗಳಲ್ಲಿ ಪಂದ್ಯದ ಸೈಕಲ್ ಹೊಡೆದವರು. ಹಿಂದಿನ ವರ್ಷ ಗುರುಪಾದನ ಎದೆಗೆ ಸ್ಟೆಂಟ್ ಹಾಕಿದ್ದರು. ಆಮೇಲೆ ಅವನು ಊರವರ ಸೈಕಲ್ಲೆಲ್ಲ ರಿಪೇರಿ ಮಾಡುತ್ತಿದ್ದ, ತನ್ನದನ್ನು ಮುಟ್ಟಿರಲಿಲ್ಲ. ಈಗ ಡಾಕ್ಟರು ಒಪ್ಪಿದ್ದರು: ಐವತ್ತು ಕಿಲೋಮೀಟರಿನೊಳಗೆ, ಮೆಲ್ಲಗೆ. ಗುಡ್ಡ ಮಾತ್ರ ಬೇಡ.

ಅವನು ನನ್ನನ್ನು ಮೇಜಿನ ಮೇಲೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟ. ವಿಜಯಪುರದಲ್ಲಿ ಸೈಕಲ್ ಪಂದ್ಯಕ್ಕೆ ತಯಾರು ಮಾಡಿದ್ದ ಹಳೇ ಮಾಸ್ತರರು ಕಲಿಸಿದಂತೆ ದಾರಿಯ ಮೇಲೆ ದಾರ ಇಟ್ಟು ದೂರ ಅಳೆದ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರಬೇಕೆಂದು ಲೆಕ್ಕ ಹಾಕಿದ. ದ್ರಾಕ್ಷಿ ತೋಟ, ಸೂರ್ಯಕಾಂತಿ ಹೊಲ, ಆಲಿವ್ ಮರಗಳ ಸಾಲು, ಎಲ್ಲ ಸರಿಹೋಯಿತು. ಕಾಡಿನ ಹತ್ತಿರ ಮಾತ್ರ ದಾರ ನಿಂತಿತು. ಸುತ್ತು ಮುಗಿಸಲು ಒಂದು ಘಾಟಿ ಹತ್ತಬೇಕು, ಇಲ್ಲವೇ ಲಾರಿಗಳ ಹೆದ್ದಾರಿ ಹಿಡಿಯಬೇಕು. ಆಗ ಅವನಿಗೆ ಕೆಂಪು ಗೆರೆ ಕಂಡಿತು.

"ಇಲ್ಲಿ ನೋಡ, ಒಳದಾರಿ ಐತಿ. ನಲವತ್ತಾರು ಕಿಲೋಮೀಟರಿಗೆ ಮುಗಿತೈತಿ."

"ಮೊಬೈಲನ್ಯಾಗ ಇಲ್ಲಲ್ರೀ ಅದು," ಎಂದಳು ದಾನಮ್ಮ.

"ಮೊಬೈಲಿಗೇನ ಗೊತ್ತ? ಇದು ಊರಾನ ಮಂದಿ ಕೈಲೆ ಬರದದ್ದು. ನಮ್ಮ ಮಾಸ್ತರ ಕೈಲೆ ಬರದ ದಾರಿ ಯಾವತ್ತಾರ ತಪ್ಪಿತ್ತೇನ?"

ನನಗೆ ಬಾಯಿದ್ದಿದ್ದರೆ ಆವತ್ತು ಕೂಗುತ್ತಿದ್ದೆ. ಅವನು ಗೆರೆಯ ಮೇಲೆ ಬೆರಳಾಡಿಸಿದ.

ಬೆಳಿಗ್ಗೆ ಹೊರಟರು. ನಾನು ಅವನ ಸೈಕಲ್ ಅಂಗಿಯ ಬೆನ್ನಿನ ಜೇಬಿನಲ್ಲಿದ್ದೆ. "ಥೇಟ್ ನಮ್ಮ ತಿಕೋಟಾ ಕಡೆ ದ್ರಾಕ್ಷಿ ತ್ವಾಟ ಇದ್ದಂಗ ಅದಾವಲ್ಲ!" ಎಂದು ಅವನು ಕೂಗಿ ಹೇಳಿದ. ಒಂದು ವರ್ಷದ ಮೇಲೆ ಅವನ ದನಿಗೆ ಕಳೆ ಬಂದಿತ್ತು. ಹಿಂದೆ ದಾನಮ್ಮ ನಗುತ್ತಿದ್ದಳು.

ಕೆಂಪು ಗೆರೆಯ ಮೊದಲ ತುಂಡಿಗೆ ಈಚೆಗೆ ನಿಜವಾದ ಡಾಂಬರು ರಸ್ತೆಯೇ ಬಂದಿತ್ತು, ಒಂದು ತೋಟದ ಮನೆಯ ತನಕ. ಆಮೇಲೆ ಕಲ್ಲು, ಆಮೇಲೆ ಸೀಸೆಯ ಬಿರಡೆಗಾಗಿ ತೊಗಟೆ ಸುಲಿದ ಮರಗಳು, ಆಮೇಲೆ ಬರೀ ಮುಳ್ಳು. ಬಿಸಿಲು ನೆತ್ತಿಗೆ ಬಂದಿತ್ತು, ನೀರು ಮುಗಿದಿತ್ತು.

"ತಿರಗಿ ಹೋಗೂಣ್ರೀ," ಎಂದಳು ದಾನಮ್ಮ.

"ಇನ್ನೊಂದ ಸ್ವಲ್ಪ. ಮುಂದ ರಸ್ತೆ ಸಿಗತೈತಿ, ಬರದಾರಲ್ಲ."

ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಏರಿದ. ಗುಡ್ಡ ತಪ್ಪಿಸಲೆಂದು ಆರಿಸಿದ ದಾರಿಯಲ್ಲೇ ಗುಡ್ಡ ಹತ್ತಿದ. ಮೇಲೆ ಹೋದರೆ ಆಚೆ ಬರೀ ಕೊರಕಲು. ಅವನು ಸೈಕಲ್ ಇಳಿಸಿ, ಎಡಗೈ ಒತ್ತಿಕೊಂಡು ಕೂತುಬಿಟ್ಟ.

ದಾನಮ್ಮ ನನ್ನನ್ನೇ ಕಿತ್ತು ಗಾಳಿ ಬೀಸಿದಳು. ಬೀಸುವ ರಭಸಕ್ಕೆ ನಾನು ಮಡಿಕೆಯಲ್ಲಿ ಹರಿದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬಿಸಿಲು ಬೀಳದಂತೆ ನನ್ನನ್ನು ಅವನ ಮುಖಕ್ಕೂ ಎದೆಗೂ ಹೊದಿಸಿ, "ಮಾತಾಡಬ್ಯಾಡ್ರಿ, ಅಳ್ಳಾಡಬ್ಯಾಡ್ರಿ, ಬಂದೆ," ಎಂದು ತೋಟದ ಮನೆಯ ಕಡೆ ಓಡಿದಳು. ಅಲ್ಲಿ ನಾವಿಬ್ಬರೇ ಉಳಿದೆವು. ನನ್ನ ಕೆಳಗೆ ಅವನ ಎದೆ ಬಡಿಯುತ್ತಿತ್ತು, ತಡೆಯುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಹಿಂದೆ ನಕ್ಕಿದ್ದ ನಗುವೆಲ್ಲ ನನಗೆ ಅಲ್ಲಿ ನೆನಪಾಯಿತು. ನಾಚಿಕೆಯಾಯಿತು, ಭಯವಾಯಿತು.

ತೋಟದ ಯಜಮಾನ ಹಳೇ ಜೀಪನ್ನು ಹೋಗುವಷ್ಟು ದೂರ ತಂದು, ಅವನನ್ನು ಎತ್ತಿ ಮಲಗಿಸಿದ. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ನೋಡಿ, "ಅಯ್ಯೋ, ಇದು ನರ್ಸಿಸ್‌ನ ಗೆರೆಯಲ್ಲವೇ! ಭಾಮೈದನಿಗೆ ಮೋಸ ಮಾಡಲು ಎಳೆದದ್ದು. ಊರಿಗೆಲ್ಲ ಗೊತ್ತಿರುವ ತಮಾಷೆ," ಎಂದ. ದಾನಮ್ಮ ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ತಲೆ ತಗ್ಗಿಸಿದ.

ಗುರುಪಾದ ಉಳಿದ. ಆದರೆ ಡಾಕ್ಟರು ಈ ಸಲ ಕಿಲೋಮೀಟರಿನ ಮಾತೇ ಆಡಲಿಲ್ಲ. ಸೈಕಲ್ ಇನ್ನು ಬೇಡವೇ ಬೇಡ ಎಂದರು. ಮನೆಗೆ ಬಂದ ದಿನ ದಾನಮ್ಮ ನನ್ನನ್ನು ಮುದುರಿ ಒಲೆಗೆ ಹಾಕಲು ಹೋದಳು. ನಾನು ಅದಕ್ಕೆ ತಯಾರಾಗಿಯೇ ಇದ್ದೆ.

"ಬಿಡ," ಎಂದ ಗುರುಪಾದ. "ಅದನ್ನ ಸುಟ್ಟರ ಗೆರಿ ಹೋಗತೈತಿ, ನನ್ನ ಹಟ ಹೋಗತೈತೇನ? ನೀ ತಿರಗಿ ಹೋಗೂಣು ಅಂದಿದ್ದಿ."

ದಾನಮ್ಮ ಆಗ ಅತ್ತಳು, ಆಸ್ಪತ್ರೆಯಲ್ಲಿ ಅಳದವಳು. ಅವನು ನನ್ನ ಹರುಕಿಗೆ ಟೇಪು ಅಂಟಿಸಿ, ಕೆಂಪು ಗೆರೆಯ ಮೇಲೆ ಪೆನ್ನಿನಿಂದ ಕನ್ನಡದಲ್ಲಿ ಬರೆದ: ದಾರಿ ಇಲ್ಲ.

ಈಗ ನನಗೆ ವಯಸ್ಸಾಗಿದೆ. ಹಸಿರೆಲ್ಲ ಹಳದಿಯಾಗಿದೆ. ಪ್ರತಿ ಭಾನುವಾರ ಬೆಳಿಗ್ಗೆ ದಾನಮ್ಮ ಒಬ್ಬಳೇ ಆ ಸುತ್ತು ಹೊರಡುತ್ತಾಳೆ, ಘಾಟಿ ಹತ್ತಿಯೇ ಹೋಗುತ್ತಾಳೆ. ಅವನೇ ಹಟ ಹಿಡಿದು ಕಳಿಸುತ್ತಾನೆ: "ನಮ್ಮಿಬ್ಬರಾಗ ಒಬ್ರರೆ ಅದನ್ನ ಮುಗಸಬೇಕ." ಅವಳು ಹೋದ ಮೇಲೆ ನಾಲ್ಕು ಲೋಟ ಇಟ್ಟು ನನ್ನನ್ನು ಹರವುತ್ತಾನೆ. ಗಡಿಯಾರ ನೋಡುತ್ತ ನನ್ನ ಮೇಲೆ ಬೆರಳು ನಡೆಸುತ್ತಾನೆ. "ಈಗ ದ್ರಾಕ್ಷಿ ತ್ವಾಟ ದಾಟಿರತಾಳ. ಈಗ ಗಾಳಿ ಎದರಿಗಿರತೈತಿ. ಈಗ ಏರ ಸುರು." ಅಲ್ಲಿ ಬೆರಳು ಮೆಲ್ಲಗೆ ಹತ್ತುತ್ತದೆ.

ಬೆರಳಿಗೆ ಗಾಳಿಯಿಲ್ಲ, ಬಿಸಿಲಿಲ್ಲ. ಅದು ಯಾವಾಗಲೂ ಅವಳಿಗಿಂತ ಮೊದಲೇ ಮನೆ ಮುಟ್ಟುತ್ತದೆ. ಮುಟ್ಟಿ ಅಲ್ಲೇ ನಿಲ್ಲುತ್ತದೆ. ಅವನು ಬಾಗಿಲ ಕಡೆ ಕಿವಿಗೊಟ್ಟು ಕೂರುತ್ತಾನೆ. ಅವನ ಬೆರಳಿನ ತುದಿಯಲ್ಲಿ ಅವನ ಎದೆ ಬಡಿಯುವುದು ನನಗೆ ಕೇಳುತ್ತದೆ. ಅವಳು ಬಂದು, "ಬಂದೆ ರೀ," ಎನ್ನುವ ತನಕ ನಾನೂ ಉಸಿರು ಬಿಡುವುದಿಲ್ಲ.