ಫೋನು ತುಂಬಿದ ದೇವರು

ಟೋಕನ್ ಪಡೆಯಲು ಸಂಜೆ ಐದರವರೆಗೆ ಮಾತ್ರ ಸಮಯವಿತ್ತು. ಚೆಂಡು ಹೂ ಕೊಳ್ಳುವ ಕಾರ್ಖಾನೆಯವರು ಈ ಸಲದಿಂದ ಎಲ್ಲವನ್ನೂ ಆ್ಯಪಿಗೆ ಹಾಕಿಬಿಟ್ಟಿದ್ದರು. ಟೋಕನ್ ಇಲ್ಲದವರ ಹೊಲದ ಮುಂದೆ ಅವರ ಲಾರಿ ನಿಲ್ಲುವುದಿಲ್ಲ. ಗುಂಡ್ಲುಪೇಟೆ ಕಡೆಯ ಮದ್ದೂರಿನ ಕಾಡಂಚಿನಲ್ಲಿದ್ದ ಇವರ ಹೊಲದಲ್ಲಿ ಹೂ ಬಿರಿದು ನಿಂತಿತ್ತು. ಇನ್ನೊಂದು ವಾರ ತಡೆದರೆ ಮಳೆ ನೀರು ಕುಡಿದು ಗಿಡದಲ್ಲೇ ಕೊಳೆಯುತ್ತದೆ.

ಅವತ್ತು ಮನೆಯಲ್ಲಿದ್ದ ಸ್ಮಾರ್ಟ್‌ಫೋನು ಒಂದೇ, ಶಿವರಂಜಿನಿಯ ಮಾವ ಪುಟ್ಟಮಾದಯ್ಯನವರದು. ಅವಳ ಗಂಡ ಶರತ್ ತನ್ನ ಫೋನನ್ನು ಗುಂಡ್ಲುಪೇಟೆಯ ವಸೀಂನ ಅಂಗಡಿಗೆ ರಿಪೇರಿಗೆ ಕೊಟ್ಟು, ಅವಳದನ್ನು ಜೇಬಿಗಿಳಿಸಿಕೊಂಡು ತರಕಾರಿ ಲೋಡಿನ ಜೊತೆ ಕೇರಳಕ್ಕೆ ಹೋಗಿದ್ದ.

ಮಾವನ ಫೋನಿಗೆ ಆ್ಯಪು ಇಳಿಯಲಿಲ್ಲ. ಜಾಗವಿಲ್ಲ ಎಂದಿತು.

ಶಿವರಂಜಿನಿ ಗ್ಯಾಲರಿ ತೆರೆದಳು. ಮಂಜು ಹೊದ್ದ ಬೆಟ್ಟದ ಗೋಪಾಲಸ್ವಾಮಿ, ಹುಲಿಯೇರಿದ ಮಾದಪ್ಪ, ಮತ್ತೆ ಗೋಪಾಲಸ್ವಾಮಿ. ಹೂ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರೂ ಬೆಳಿಗ್ಗೆ ಎದ್ದ ಕೂಡಲೇ ಒಂದೊಂದು ದೇವರ ಪಟ ಕಳಿಸುತ್ತಿದ್ದರು. ಎಷ್ಟು ಸರಿಸಿದರೂ ಮುಗಿಯದ ದೇವರುಗಳು.

"ಮಾವ, ಇವನ್ನ ಅಳಿಸಬೇಕಾಗುತ್ತೆ," ಎಂದಳು.

ಪುಟ್ಟಮಾದಯ್ಯ ಕನ್ನಡಕ ಏರಿಸಿ ಅವಳ ಬೆರಳು ತೋರಿಸಿದ ಕಡೆ ನೋಡಿದರು. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಕಸದ ಬುಟ್ಟಿಯ ಚಿತ್ರವಿತ್ತು.

"ಇದ್ರೊಳಕ್ಕಾ?"

"ಹೂಂ."

"ದೇವ್ರನ್ನ ಕಸದ ಬುಟ್ಟಿಗೆ ಹಾಕು ಅಂತೀಯೇನವ್ವ?"

ಅಷ್ಟು ಹೇಳಿ ಫೋನನ್ನು ಜಗಲಿಯ ಮೇಲೆ ಮಡಗಿ ಕಾಡಿನ ಕಡೆ ಮುಖ ಮಾಡಿ ಕೂತುಬಿಟ್ಟರು.

ಮಾತು ನಿಲ್ಲದ ಚಾಮರಾಜನಗರದ ಮನೆಯಿಂದ ಬಂದ ಶಿವರಂಜಿನಿಗೆ ಈ ಮನೆಯಲ್ಲಿ ಮೊದಲು ಹಿಡಿಸಿದ್ದೇ ಮಾವನ ಮೌನ. ಅದರಲ್ಲಿ ಬಿಗುವಿರಲಿಲ್ಲ; ಎದುರಿಗೆ ಕೂತರೆ ತಾನೂ ಏನೂ ಹೇಳಬೇಕಾಗಿರಲಿಲ್ಲ. ಇವತ್ತಿನ ಮೌನ ಬೇರೆ. ಅದರೊಳಗೆ ತಾನು ಮಾಡಿದ ತಪ್ಪೊಂದು ಕೂತಿರುವಂತೆ ಅವಳಿಗೆ ಅನಿಸಿತು.

ಅತ್ತೆಯ ಬಟನ್ ಫೋನಿನಿಂದ ವಸೀಂಗೆ ಕರೆ ಮಾಡಿದಳು.

"ಅಕ್ಕ, ದೇವ್ರುಗಳು ಎದ್ದೋಗ್ದೆ ಆ್ಯಪ್ ಕೂರಕ್ಕೆ ಜಾಗ ಇಲ್ಲ," ಎಂದು ಅವನು ನಕ್ಕ. "ಹೋದ ತಿಂಗ್ಳು ನಾನೇ ಅಳಿಸ್ತೀನಿ ಅಂದೆ. ನಿಮ್ಮಾವ ಫೋನ್ ಕಿತ್ಕೊಂಡು ಬಸ್ ಹತ್ಬುಟ್ರು."

"ಇನ್ಯಾರಿಗಾದ್ರೂ ಕಳಿಸ್ಬುಡು," ಎಂದರು ಪುಟ್ಟಮಾದಯ್ಯ, ತಿರುಗದೆಯೇ. "ಸಂತೇಮರಳ್ಳಿ ಶಿವರಾಮುಗೆ ಕಳಿಸು. ನನ್ ಬಾಮೈದ, ಮಡಿಕತ್ತಾನೆ."

"ಕಳಿಸಿದ್ರೂ ಇಲ್ಲಿರೋದು ಇಲ್ಲೇ ಇರುತ್ತೆ ಮಾವ."

ಅಷ್ಟರಲ್ಲಿ ಅತ್ತೆ ಮಲ್ಲಮ್ಮ ಹಿತ್ತಲಿಂದ ಬಂದರು. ವಿಷಯ ಕೇಳಿ ಗಂಡನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಅಲ್ಲ, ದಿನಾ ಬೆಳಿಗ್ಗೆ ಮಾದಪ್ಪನ ತಲೆ ಮೇಲಿಂದ ನೆನ್ನೆ ಹೂವ ತಗೀತಿರಲ್ಲ, ಯಾಕೆ?"

"ಬಾಡೋಗದಲ್ಲ, ಅದ್ಕೆ."

"ತಗ್ದು?"

"ಬುಟ್ಟಿಗಾಕಿ ತೆಂಗಿನ ಬುಡಕ್ಕೆ ಸುರೀತೀನಿ."

"ನೆನ್ನೆ ಹೂವ ತಗೀದೆ ಇವತ್ತಿನ್ ಹೂವ ಎಲ್ಲಿ ಮುಡಿಸ್ತಿದ್ರಿ? ಈ ಪಟಗಳೂ ಅಂಗೇ, ದಿನಾ ಬರೋ ಹೂವು. ನೆನ್ನೆವು ನಿರ್ಮಾಲ್ಯ ಕನ. ಹೂ ಬೆಳೆಯೋನ್ಗೆ ಇದ ನಾನೇಳ್ಕೊಡ್ಬೇಕಾ?"

ಪುಟ್ಟಮಾದಯ್ಯ ಫೋನು ಎತ್ತಿಕೊಂಡು ಸೊಸೆಯ ಕಡೆ ತಿರುಗಿದರು.

"ಅಳಿಸಿದ್ದು ಎಲ್ಲಿಗೋಯ್ತದವ್ವ? ನಿರ್ಮಾಲ್ಯವ ತುಳಿಯೋ ಜಾಗಕ್ಕೆ ಹಾಕ್ಬಾರ್ದು."

ಶಿವರಂಜಿನಿ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ ಮಾವ. ಆದರೆ ಯಾರ ಕಾಲೂ ತಾಗೋ ಜಾಗ ಅಲ್ಲ ಅದು."

ಆ ಉತ್ತರ ಅವರಿಗೆ ಸಾಕಾಯಿತು. ಕೈಕಾಲು ತೊಳೆದು ಬಂದು, ಅವಳು ಹೇಳಿಕೊಟ್ಟಂತೆ ತಾವೇ ಒಂದೊಂದು ಪಟವನ್ನೂ ಮುಟ್ಟಿ ಗುರುತು ಹಾಕತೊಡಗಿದರು. ಪ್ರತಿ ಪಟಕ್ಕೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಐದು ಹತ್ತಿರವಾಗುತ್ತಿತ್ತು. ಒಟ್ಟಿಗೇ ಗುರುತು ಹಾಕುವ ದಾರಿ ಶಿವರಂಜಿನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮಲ್ಲಮ್ಮನೇ ತಡೆಯಲಾರದೆ, "ಇವ್ರು ಪೂಜೆ ಮುಗಿಸೋ ಹೊತ್ಗೆ ಲಾರಿ ಗುಂಡ್ಲುಪೇಟೆ ಸೇರಿರ್ತದೆ!" ಎಂದರು.

ಪುಟ್ಟಮಾದಯ್ಯ ನಕ್ಕರು. "ಮಿಕ್ಕಿದ್ದ ನೀನೇ ಮಾಡವ್ವ. ಇವತ್ ಬಂದಿರೋ ಒಂದ್ ಗೋಪಾಲಸ್ವಾಮಿ ಮಾತ್ರ ಇರ್ಲಿ."

ಆ್ಯಪು ಇಳಿಯಿತು. ಪರದೆಯ ಮೇಲಿನ ಚಕ್ರ ಸುತ್ತುತ್ತಾ ಸುತ್ತುತ್ತಾ ಕೊನೆಗೆ ಟೋಕನ್ ಬಂತು: ಗುರುವಾರ ಬೆಳಿಗ್ಗೆ, ಮೊದಲ ಲಾರಿ. ಕೊಯ್ಲಿಗೆ ಹೆಣ್ಣಾಳುಗಳನ್ನು ಕರೆಯಲು ಮಲ್ಲಮ್ಮ ಆಗಲೇ ಕೂಲಿಯವರನ್ನು ಕೂಡಿಸುವ ಕರಿಯಮ್ಮನ ಮನೆಯ ಕಡೆ ಹೊರಟರು.

ಮಾವ ಸೊಸೆ ಇಬ್ಬರೇ ಜಗಲಿಯಲ್ಲಿ ಉಳಿದರು. ಪುಟ್ಟಮಾದಯ್ಯ ಗ್ಯಾಲರಿ ತೆರೆದು ನೋಡಿದರು. ಒಂದೇ ಗೋಪಾಲಸ್ವಾಮಿ, ಸುತ್ತ ಬರಿದು.

"ಇಷ್ಟಗ್ಲ ಜಾಗ ಆಗೋಯ್ತಲ್ಲವ್ವ. ಯಾನ ಮಡಗನ ಇದ್ರಲ್ಲಿ?"

"ಈಗಲೇ ಏನೂ ಬೇಡ ಮಾವ. ಸ್ವಲ್ಪ ಹೊತ್ತು ಹಂಗೇ ಇರಲಿ."

ಅವರು ತಲೆದೂಗಿದರು. ಆಮೇಲೆ ಇಬ್ಬರೂ ಏನೂ ಹೇಳಬೇಕಾಗಿರಲಿಲ್ಲ.