ನಿಲ್ಲದ ವಿಂಡೊ

ಬೆಳಿಗ್ಗೆ ಹತ್ತಕ್ಕೆ ವಿಂಡೊ ಕಂಪ್ಯೂಟರ್ ಪರದೆಯ ಮೇಲೆ ಮಿಂಚಿ ಮಾಯವಾಯಿತು. ಬೆಟ್ಟಗಳ ನಡುವಿನ ಕರಕೋಲ್ ಊರಿನ ಹಿಮಕುಸಿತ ಮುನ್ಸೂಚನೆ ಕೇಂದ್ರದಲ್ಲಿ ಜಪಾರ್ ಪ್ರೋಗ್ರಾಮನ್ನು ಮತ್ತೆ ಓಡಿಸಿದ. ಮತ್ತೆ ಅದೇ ಆಯಿತು. ಎಲ್ಲಿ ತಪ್ಪಿದೆ ಎಂದು ಹೇಳುವ ಒಂದು ಸಾಲೂ ಬರಲಿಲ್ಲ.

ಕಣಿವೆಗಳ ಹಿಮದ ಆಳ, ಗಾಳಿ, ಉಷ್ಣಾಂಶ ತೋರಿಸುವ ಹಳೆಯ ಪ್ರೋಗ್ರಾಮನ್ನು ಅವನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ. ಒಂದು ಬಟನ್ ಸೇರಿಸಲೂ ವಾರ ಹಿಡಿಯುತ್ತಿತ್ತು. ಹೊಸ ಕಂಪ್ಯೂಟರುಗಳಲ್ಲಂತೂ ಅದು ಏಳುತ್ತಲೇ ಇರಲಿಲ್ಲ. ಅದನ್ನು ಪೈಥಾನ್ ಎಂಬ ಸುಲಭದ ಭಾಷೆಯಲ್ಲಿ ಹೊಸದಾಗಿ ಬರೆದು ಇವತ್ತು ಮಧ್ಯಾಹ್ನ ತೋರಿಸದಿದ್ದರೆ ಹೊರಗಿನಿಂದ ಬೇರೆ ಪ್ರೋಗ್ರಾಮ್ ತರಿಸಿ ಅವನನ್ನು ಮನೆಗೆ ಕಳಿಸುವುದಾಗಿ ಮುಖ್ಯಸ್ಥ ಎಸೆನ್‌ಬೆಕ್ ಹೇಳಿದ್ದ. ಮನೆಯಲ್ಲಿ ಜಪಾರ್‌ಗೆ ಮಾತಾಡಲು ಯಾರೂ ಇರಲಿಲ್ಲ.

ಇಲ್ಲೂ ಈಗ ಅಷ್ಟೆ. ಎದುರು ಮೇಜಿನ ಮೇರಿಮ್ ರಾಜಧಾನಿಯ ಬಿಷ್ಕೆಕ್ ಕಚೇರಿಗೆ ಹೋದಮೇಲೆ ಅವಳ ಕುರ್ಚಿಯಲ್ಲಿ ಅವನ ಕೋಟು ಕೂತಿತ್ತು. ಹೋಗುವ ಮುಂಚೆ ಅವಳು ಪೈಥಾನ್ ಕಲಿಯಿರಿ ಎಂದಾಗ "ಅದು ಮಕ್ಕಳಾಟ" ಎಂದು ನಕ್ಕಿದ್ದ. ಅಂದಿನಿಂದ ಫೋನ್ ಮಾಡಿರಲಿಲ್ಲ. ಈಗ ಮಾಡಿದ.

"ಬದುಕಿದ್ದೀರಾ ಬಾಯ್ಕೆ? ನಿಮ್ಮ ತಿಥಿಗೆ ಕುದುರೆ ಕೊಯ್ದು ಊರಿಗೆಲ್ಲ ಊಟ ಹಾಕಿ ಆಯ್ತೇನೋ ಅಂದ್ಕೊಂಡಿದ್ದೆ!" ಎಂದಳು ಮೇರಿಮ್. ಅಣ್ಣಾ ಎನ್ನುವ ಅರ್ಥದಲ್ಲಿ ಅವನನ್ನು ಬಾಯ್ಕೆ ಎಂದೇ ಕರೆಯುತ್ತಿದ್ದಳು.

"ಸಾಯೋಕೂ ಪುರುಸೊತ್ತಿಲ್ಲ ಕಣಮ್ಮ. ಈ ವಿಂಡೊ ಬರುತ್ತೆ, ಹಂಗೇ ಹೋಗುತ್ತೆ."

"ಎಲ್ಲಿ ಹುಟ್ಟಿಸಿದ್ರಿ ಅದನ್ನ?"

"ಫಂಕ್ಷನ್ ಒಳಗೆ, ವಿಂಡೊ ತೆರೆಯೋ ಕೋಡಿನ ತುಂಡಲ್ಲಿ."

"ಹೊರಗಡೆ ಯಾರಾದ್ರೂ ಹಿಡ್ಕೊಂಡಿದಾರಾ?"

"ಯಾಕೆ ಹಿಡೀಬೇಕು? ನಾನು ತೆಗೆದುಬಿಡು ಅಂತ ಹೇಳೇ ಇಲ್ವಲ್ಲ!"

ಮೇರಿಮ್ ಜೋರಾಗಿ ನಕ್ಕಳು. "ಅದು ನಿಮ್ಮ ಸಿ. ಅಲ್ಲಿ ನೀವು ತೆಗಿ ಅನ್ನೋವರೆಗೂ ಬಿದ್ದಿರುತ್ತೆ. ಇಲ್ಲಿ ಯಾರೂ ಹಿಡ್ಕೊಂಡಿಲ್ಲ ಅಂದ್ರೆ ತಾನೇ ಹೊರಟೋಗುತ್ತೆ. ಫಂಕ್ಷನ್ ಮುಗೀತು, ವಿಂಡೊನೂ ಮುಗೀತು. ಫಂಕ್ಷನ್ ಹೊರಗೆ ಒಂದು ಹೆಸರಿಗೆ ಕಟ್ಟಿಡಿ, ಆ ಹೆಸರೇ ಅದನ್ನ ಹಿಡ್ಕೊಂಡಿರುತ್ತೆ. ಮಕ್ಕಳಾಟ ಅಲ್ವಾ, ಬಾಯ್ಕೆ?"

"ಹಾಕು, ಇನ್ನೊಂದೇಟು ಹಾಕು."

ಅವನು ಒಂದು ಸಾಲು ತಿದ್ದಿದ. ವಿಂಡೊ ನಿಂತಿತು; ಹಿಮದ ಆಳ ತೋರಿಸುವ ಗೆರೆಗಳು ಒಂದೊಂದಾಗಿ ಮೂಡಿದವು. ಇನ್ನೇನಾದರೂ ಕೇಳಬೇಕೆನ್ನಿಸಿತು, ಆದರೆ ಕೇಳುವಂಥ ಅನುಮಾನ ಒಂದೂ ಉಳಿದಿರಲಿಲ್ಲ. ಅಷ್ಟರಲ್ಲಿ ಅವಳನ್ನು ಯಾರೋ ಮೀಟಿಂಗಿಗೆ ಕೂಗಿದರು.

ಮಧ್ಯಾಹ್ನ ಎಸೆನ್‌ಬೆಕ್ ಬಂದು ನಿಂತುಕೊಂಡೇ ನೋಡಿದ. ಕೋಡನ್ನೂ ತೆರೆಸಿದ.

"ಇದು ನಂಗೂ ಅರ್ಥ ಆಗ್ತಿದೆಯಲ್ಲಪ್ಪ ಜಪಾರ್! ಇನ್ನು ಯಾರು ಬೇಕಾದ್ರೂ ನೋಡ್ಕೋಬಹುದು."

ಜಪಾರ್ ಅದನ್ನು ಹೊಗಳಿಕೆಯೆಂದೇ ತಿಳಿದ.

ಏಪ್ರಿಲ್‌ನಲ್ಲಿ ಪ್ರೋಗ್ರಾಮಿನ ಹೊಣೆಯನ್ನು ಬಿಷ್ಕೆಕ್ ಕಚೇರಿಗೆ ವಹಿಸಿದರು. ಅದೇ ತಿಂಗಳು ಜಪಾರ್‌ನನ್ನು ಪಿಂಚಣಿ ಕೊಟ್ಟು ಕಳಿಸಿದರು.